ನೈರೋಬಿಯ ಮಿಷನ್ ಗೆಸ್ಟ್ ಹೌಸ್: ಮಕ್ಕಳಿದ್ದರೆ ಹೋಗಿ, ಕುಕ್ಕರ್ ಜೊತೆಗಿರಲಿ

ಗೆಸ್ಟ್ ಹೌಸ್ ಹೆಸರು ಹಾಕುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಬೈದ ಮೇಲೆ ಮತ್ತೆ ಅಲ್ಲಿಗೇ ಹೋಗಬೇಕಾದದ್ದೂ ಇದೆ. ನೈರೋಬಿಯಲ್ಲಿ ಇಂಥವು ಬೇಕಾದಷ್ಟಿವೆ, ಒಂದನ್ನು ನೋಡಿದರೆ ಮುಕ್ಕಾಲು ಪಾಲು ಎಲ್ಲವನ್ನೂ ನೋಡಿದ ಹಾಗೆ. ಎತ್ತರದ ಕಾಂಪೌಂಡು, ಗೇಟಲ್ಲಿ ಅಸ್ಕರಿ (ಕಾವಲುಗಾರ), ಒಳಗೆ ಜಕರಂಡಾ ಮರ, ಊಟಕ್ಕೆ ಗಂಟೆ, ಉದ್ದನೆಯ ಮೇಜು, ತಟ್ಟೆ ಮುಟ್ಟುವ ಮುಂಚೆ ಪ್ರಾರ್ಥನೆ. ಹಳ್ಳಿಗಾಡಲ್ಲಿ ಕೆಲಸ ಮಾಡುವ ಮಿಷನರಿ ಕುಟುಂಬಗಳು ವೀಸಾ, ಆಸ್ಪತ್ರೆ, ಹಲ್ಲಿನ ಡಾಕ್ಟರು, ಸಾಮಾನು ಖರೀದಿ ಅಂತ ಬಂದಾಗ ಇಳಿದುಕೊಳ್ಳುವ ಜಾಗ.

ನಾವಿಬ್ಬರೂ ಗದಗ-ಬೆಟಗೇರಿ ಕಡೆಯವರು. ಈಗ ಇರುವುದು ಕೀನ್ಯಾದ ವಾಯವ್ಯ ಮೂಲೆಯ ತುರ್ಕಾನಾದಲ್ಲಿ, ಲೋಡ್ವಾರ್ ಪಟ್ಟಣದಿಂದ ಇನ್ನೂ ಒಳಗೆ. ನಮ್ಮವರು ಬೋರ್‌ವೆಲ್, ಪಂಪು ನೋಡಿಕೊಳ್ಳುತ್ತಾರೆ, ನಾನು ಕ್ಲಿನಿಕ್ಕಿನಲ್ಲಿ ನರ್ಸ್. ಮಗಳಿಗೆ 11, ಮಗನಿಗೆ 6. ಇಂಥ ಜಾಗಗಳ ಬಗ್ಗೆ ಬರೆಯುವವರೆಲ್ಲ ಬಿಸಿನೀರು ಬರುತ್ತಾ, ಹಾಸಿಗೆ ಮೆತ್ತಗಿದೆಯಾ ಅಂತ ಬರೆಯುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ನಾನು ಅಂಕ ಕೊಡುವುದು ಬೇರೆ ವಿಷಯಕ್ಕೆ: ನನ್ನ ಮಕ್ಕಳು ಅಲ್ಲಿ ಹೇಗಿರುತ್ತಾರೆ ಅನ್ನುವುದಕ್ಕೆ.

ನಾವು ಬರುವುದು ಸಣ್ಣ ವಿಮಾನದಲ್ಲಿ, ವಿಲ್ಸನ್ ಏರ್‌ಪೋರ್ಟಿಗೆ. ಮಿಷನ್ ವಿಮಾನಗಳೂ ಅಲ್ಲಿಂದಲೇ ಹಾರುವುದು. ಲಗೇಜು ತಲೆಗೆ 15 ಕಿಲೋ ದಾಟಬಾರದು, ಜೊತೆಗೆ ಮನುಷ್ಯರನ್ನೂ ತೂಗುತ್ತಾರೆ. ಮಗನಿಗೆ ಆ ತಕ್ಕಡಿ ಹತ್ತುವುದೆಂದರೆ ಹಬ್ಬ. ಗೆಸ್ಟ್ ಹೌಸಿನ ಗಾಡಿ ಹೇಳಿದ ಸಮಯಕ್ಕೆ ಬರುತ್ತದೆ, ಅದಕ್ಕೆ ಪೂರ್ತಿ ಅಂಕ. ಟ್ರಾಫಿಕ್ ಬಗ್ಗೆ ಹೇಳಿ ಪ್ರಯೋಜನವಿಲ್ಲ, ಬೆಂಗಳೂರು ನೋಡಿದವರಿಗೆ ಹೊಸದೇನೂ ಇಲ್ಲ.

ರಿಸೆಪ್ಷನ್ನಿನಲ್ಲಿ ಒಬ್ಬರು ಅಮ್ಮ ಕೂರುತ್ತಾರೆ. ನಮ್ಮಿಬ್ಬರ ಹೆಸರು ಅವರಿಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ, ಮಕ್ಕಳ ಹೆಸರು ಮಾತ್ರ ಬಾಯಿಪಾಠ. ಮರದ ಬಿಲ್ಲೆ ಕಟ್ಟಿದ ರೂಮಿನ ಬೀಗದಕೈಯನ್ನು ಕೌಂಟರಿನ ಮೇಲಿಂದ ಬಗ್ಗಿ ಮಗನ ಕೈಗೇ ಕೊಡುತ್ತಾರೆ, ನಮಗೆ ಕೊಡುವುದಿಲ್ಲ. ಅವನು ಅದನ್ನು ಕುತ್ತಿಗೆಗೆ ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಾನೆ, ನಾವು ಪೆಟ್ಟಿಗೆ ಹೊತ್ತು ಹಿಂದೆ. ಕೇಳಲು ಸಣ್ಣ ವಿಷಯ, ಅಲ್ವಾ? ಆದರೆ ವರ್ಷಕ್ಕೆ ಎಷ್ಟೋ ಸಲ ಯಾರದೋ ಮನೆಯಲ್ಲಿ, ಯಾವುದೋ ಚರ್ಚಿನ ಕೋಣೆಯಲ್ಲಿ, ಊರಿಗೆ ಹೋದರೆ ಅಜ್ಜಿ ಮನೆ ಅಟ್ಟದ ಮೇಲೆ ಮಲಗುವ ಮಕ್ಕಳಿಗೆ ಬೀಗದಕೈ ಸಿಗುವುದು ದೊಡ್ಡ ವಿಷಯವೇ.

ರೂಮು ಸ್ವಚ್ಛವಾಗಿದೆ. ಸೋಲಾರ್ ನೀರು ಬೆಳಿಗ್ಗೆ ಏಳರ ನಂತರ ಉಗುರುಬೆಚ್ಚಗೆ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಜುಲೈನಲ್ಲಿ ಒಳ್ಳೆ ಚಳಿ. ತುರ್ಕಾನಾದ 35-36 ಡಿಗ್ರಿಯಲ್ಲಿ ಬರಿಗಾಲಲ್ಲಿ ಓಡಾಡುವ ನನ್ನ ಮಕ್ಕಳು ಇಲ್ಲಿ ನಡುಗುತ್ತಾರೆ. ನಾವು ಬಂದಿದ್ದೇವೆ ಅಂತ ಗೊತ್ತಾದರೆ ಸಾಕು, ರೂಮು ನೋಡಿಕೊಳ್ಳುವ ಹೆಂಗಸು ಕೇಳದೆಯೇ ಎರಡು ಕಂಬಳಿ ಜಾಸ್ತಿ ಇಟ್ಟು ಹೋಗಿರುತ್ತಾಳೆ. ಮಲೇರಿಯಾ ಭಯ ಈ ಎತ್ತರದಲ್ಲಿ ಕಡಿಮೆ, ಆದರೆ ನಮ್ಮ ಕಡೆಯಿಂದ ಬಂದವರಿಗೆ ಜ್ವರ ಬರುವುದು ಎಷ್ಟೋ ಸಲ ಇಲ್ಲಿಗೆ ಬಂದ ಮೇಲೆಯೇ. ಮಕ್ಕಳಿದ್ದವರು ಟೆಸ್ಟ್ ಕಿಟ್ ಮತ್ತು ಔಷಧಿ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇನ್ನು ಊಟ. ಇಲ್ಲಿ ನನ್ನ ತಾಳ್ಮೆ ಕೆಡುತ್ತದೆ.

ರಾತ್ರಿ ಊಟ ಸಂಜೆ ಆರೂವರೆಗೆ. ಸಂಜೆ ಆರೂವರೆಗೆ ಯಾರು ಊಟ ಮಾಡುತ್ತಾರೆ, ನೀವೇ ಹೇಳಿ. ಏಳೂವರೆಗೆ ಅಡುಗೆಮನೆಗೆ ಬೀಗ. ಒಂಬತ್ತಕ್ಕೆ ಮಗ "ಅಮ್ಮಾ ಹಸಿವು" ಅಂತ ಶುರು ಮಾಡಿದರೆ ಬ್ಯಾಗಿನಲ್ಲಿ ಚುರುಮುರಿಯೇ ಗತಿ. ವಾರದ ದಿನಗಳಲ್ಲಿ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್, ಚೀಸ್ ಸುರಿದ ಏನೋ ಒಂದು. ಖಾರ ಅಂದರೆ ಮೇಜಿನ ಮೇಲಿನ ಕೆಂಪು ಬಾಟಲಿ. ಅಡುಗೆಯವರ ಕೈ ಕೆಟ್ಟದ್ದಲ್ಲ, ಮೆನು ಬರೆದವರು ಯಾರೋ ಎಷ್ಟೋ ವರ್ಷಗಳ ಹಿಂದೆ ಬೇರೆ ಖಂಡದಿಂದ ಬಂದವರ ನಾಲಿಗೆಗೆ ಅಂತ ಬರೆದಿದ್ದಾರೆ. ಅದೇ ಅಡುಗೆಯವರು ಶನಿವಾರ ಚಪಾತಿ, ಹೆಸರುಕಾಳಿನ ಪಲ್ಯ ಮಾಡುತ್ತಾರೆ ನೋಡಿ, ಅದನ್ನು ಇಲ್ಲಿ ಎಂಡೆಂಗು ಅನ್ನುತ್ತಾರೆ, ಅವತ್ತು ನನ್ನ ಮಗಳು ಲೆಕ್ಕ ಇಡದೆ ತಿನ್ನುತ್ತಾಳೆ. ಚಪಾತಿ ಇಲ್ಲಿಗೆ ನಮ್ಮವರ ಜೊತೆಗೇ ಬಂದದ್ದು. ಮೊಂಬಾಸಾದಿಂದ ರೈಲು ಹಳಿ ಹಾಕಲು ಭಾರತದಿಂದ ಸಾವಿರಾರು ಕೂಲಿಗಳನ್ನು ಕರೆತಂದಿದ್ದರು, 1899ರಲ್ಲಿ ಆ ಹಳಿ ನೈರೋಬಿ ಮುಟ್ಟಿತು. ಈಗ ಕೀನ್ಯಾದವರು ಚಪಾತಿ ಇಲ್ಲದೆ ಹಬ್ಬ ಮಾಡುವುದಿಲ್ಲ. ಬೆಳಿಗ್ಗೆಯ ಊಜಿ ಕೂಡ ಚೆನ್ನಾಗಿರುತ್ತದೆ, ರಾಗಿ ಹಿಟ್ಟಿನ ಗಂಜಿ, ಸ್ವಲ್ಪ ಹುಳಿ. ಇವೆರಡನ್ನು ಜಾಸ್ತಿ ಮಾಡಿ ಆ ಚೀಸ್ ಕಡಿಮೆ ಮಾಡಿ ಅಂತ ಸಲಹೆ ಪುಸ್ತಕದಲ್ಲಿ ಬರೆದಿದ್ದೇನೆ. ಇನ್ನೂ ಬದಲಾಗಿಲ್ಲ.

ಊಟದ ಮೇಜಿನಲ್ಲಿ ಇನ್ನೊಂದು ನಡೆಯಿತು. ಮಗಳು ಅನ್ನ ಕೈಯಲ್ಲಿ ಕಲೆಸುತ್ತಿದ್ದಳು. ಎದುರು ಕೂತಿದ್ದ ಅತಿಥಿ ನಗುನಗುತ್ತಾ ಒಂದು ಫೋರ್ಕ್ ತಂದು ಅವಳ ತಟ್ಟೆ ಪಕ್ಕ ಇಟ್ಟರು. ಕೆಟ್ಟ ಉದ್ದೇಶ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಅವಳು ಥ್ಯಾಂಕ್ಸ್ ಹೇಳಿ, ಫೋರ್ಕನ್ನು ಅಲ್ಲೇ ಬಿಟ್ಟು, ಕೈಯಲ್ಲೇ ತಿಂದು ಮುಗಿಸಿದಳು. ನನಗೆ ಬೇಜಾರಾದದ್ದು ಬೇರೆ. ಗೇಟಿನ ಹೊರಗೆ ಇಡೀ ದೇಶ ಉಗಾಲಿಯನ್ನು, ಅಂದರೆ ಮೆಕ್ಕೆಜೋಳದ ಮುದ್ದೆಯನ್ನು, ಕೈಯಲ್ಲಿ ತಿನ್ನುತ್ತದೆ, ಒಳಗೆ ಮಾತ್ರ ಅದೊಂದು ತಿದ್ದಬೇಕಾದ ವಿಷಯ.

ಅದೇ ಹಾಲಿನ ಗೋಡೆ ತುಂಬ ಹಳೆಯ ಫೋಟೋಗಳಿವೆ. ಎತ್ತಿನ ಗಾಡಿ, ಡೇರೆ, ಹ್ಯಾಟು ಹಾಕಿದ ಮಕ್ಕಳು. ಎಲ್ಲರೂ ಬಿಳಿಯರು. ಮಗ ಕೇಳಿದ, "ನಮ್ಮ ಥರದವರು ಯಾರೂ ಇರಲಿಲ್ವಾ?" ಇದ್ದರು. 1843ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಈಗಿನ ಘಾನಾದ ಅಕ್ರೊಪಾಂಗಿಗೆ ಜಮೈಕಾ ಮತ್ತು ಆಂಟಿಗುವಾದಿಂದ ಕಪ್ಪು ಜನರ ಕುಟುಂಬಗಳನ್ನು ಮಕ್ಕಳುಮರಿ ಸಮೇತ ಕರೆದುಕೊಂಡು ಹೋಗಿತ್ತು. ಅದೇ ವರ್ಷ ಅದೇ ಮಿಷನ್ನಿನವರು ಮಂಗಳೂರಿನಲ್ಲಿ ಮಂಗಳೂರ ಸಮಾಚಾರ ಅಚ್ಚು ಹಾಕಿದರು. ನಮ್ಮ ಬೆಟಗೇರಿಗೂ ಬಂದವರು ಇವರೇ. ಇವತ್ತು ಆಫ್ರಿಕಾದಲ್ಲಿ ಕೊರಿಯಾದವರು, ಬ್ರೆಜಿಲ್‌ನವರು, ನೈಜೀರಿಯಾದವರು, ನಮ್ಮ ಈಶಾನ್ಯದವರು, ತಮಿಳರು ಎಲ್ಲರೂ ಮಿಷನ್ ಕೆಲಸದಲ್ಲಿದ್ದಾರೆ. ಒಂದು ಫೋಟೋ ಹೊಸದಾಗಿ ಹಾಕಿದರೆ ಮೊಳೆ ಖರ್ಚು ಬಿಟ್ಟು ಇನ್ನೇನು?

ಇದೇ ಬುದ್ಧಿ ದುಡ್ಡಿನ ವಿಷಯದಲ್ಲೂ ಕಾಣುತ್ತದೆ. ದರ ಮೂರು ಥರ: ಪ್ರವಾಸಿಗರಿಗೊಂದು, ಸ್ಥಳೀಯರಿಗೊಂದು, ಮಿಷನರಿಗಳಿಗೊಂದು. ಮಿಷನರಿ ದರ ಬೇಕಾದರೆ ನಿಮ್ಮ ಸಂಸ್ಥೆ ಅವರ ಪಟ್ಟಿಯಲ್ಲಿರಬೇಕು. ನಮ್ಮನ್ನು ಕಳಿಸಿದ್ದು ಊರಿನ ಸಣ್ಣ ಚರ್ಚ್ ಸಭೆಗಳು ಸೇರಿ, ಅದು ಪಟ್ಟಿಯಲ್ಲಿಲ್ಲ. ಪ್ರತಿ ಸಲ ಪತ್ರ ತೋರಿಸಬೇಕು, ಪ್ರತಿ ಸಲ ಯಾರನ್ನೋ ಕೇಳಿ ಬರುತ್ತೇನೆ ಅಂತ ಒಳಗೆ ಹೋಗುತ್ತಾರೆ, ಪ್ರತಿ ಸಲ ಕೊನೆಗೆ ಕೊಡುತ್ತಾರೆ. ಕೊಡುವುದೇ ಆದರೆ ಪಟ್ಟಿಗೆ ಸೇರಿಸಿಬಿಡಿ ಅಲ್ವಾ! ರೂಪಾಯಿಯಲ್ಲಿ ಬರುವ ಬೆಂಬಲದಲ್ಲಿ ಡಾಲರ್ ಲೆಕ್ಕದ ಬಿಲ್ ಕಟ್ಟುವುದು ಸುಮ್ನೆ ಮಾತಲ್ಲ.

ಇಷ್ಟೆಲ್ಲ ಬೈದ ಮೇಲೂ ಯಾಕೆ ಅಲ್ಲಿಗೇ ಹೋಗುತ್ತೇವೆ? ಹಿತ್ತಲಿನ ಆಟದ ಜಾಗಕ್ಕಾಗಿ.

ಅಲ್ಲಿ ದೊಡ್ಡದೇನಿಲ್ಲ. ಎರಡು ಜೋಕಾಲಿ, ಮರಕ್ಕೆ ಕಟ್ಟಿದ ಟೈರು, ಬಲೆ ಹರಿದ ಒಂದು ಟ್ರ್ಯಾಂಪೊಲಿನ್ (ಬಲೆ ಹಾಕಿಸಿ ಮಾರಾಯರೇ, ಯಾರದ್ದಾದರೂ ಮಗುವಿನ ಕೈ ಮುರಿಯುವ ಮುಂಚೆ). ಆದರೆ ಅಲ್ಲಿ ಸೇರುವ ಮಕ್ಕಳು ಒಬ್ಬರು ದಕ್ಷಿಣ ಸುಡಾನಿನಿಂದ, ಒಬ್ಬರು ಕಾಂಗೋದಿಂದ, ಇನ್ನೊಬ್ಬರು ತಾಂಜಾನಿಯಾದ ಯಾವುದೋ ಮೂಲೆಯಿಂದ. ನಿನ್ನ ದೇಶ ಯಾವುದು ಅಂತ ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಕರೆಂಟ್ ಇದೆಯಾ, ಚೇಳು ಎಷ್ಟು ದೊಡ್ಡದು, ನಿಮ್ಮ ವಿಮಾನ ಹುಲ್ಲಿನ ಮೇಲೆ ಇಳಿಯುತ್ತಾ ಮಣ್ಣಿನ ಮೇಲಾ, ಇವು ಪ್ರಶ್ನೆಗಳು. ಗದಗಿಗೆ ಹೋದಾಗ ಅಣ್ಣತಮ್ಮಂದಿರ ಮಕ್ಕಳು ನನ್ನ ಮಗಳ ಕನ್ನಡ ಕೇಳಿ ನಗುತ್ತಾರೆ. ತುರ್ಕಾನಾದಲ್ಲಿ ಎಷ್ಟೇ ಗೆಳತಿಯರಿದ್ದರೂ ಅವಳು ಹೊರಗಿನವಳೇ, ಮೇಕೆ ಕಾಯಲು ಹೋಗಬೇಕಾಗಿಲ್ಲದ ಹುಡುಗಿ. ಇಲ್ಲಿ ಮಾತ್ರ ಅವಳು ಏನನ್ನೂ ವಿವರಿಸಬೇಕಾಗಿಲ್ಲ. ಇಂಥ ಮಕ್ಕಳಿಗೆ 'ಥರ್ಡ್ ಕಲ್ಚರ್ ಕಿಡ್ಸ್' ಅನ್ನುತ್ತಾರೆ. ಆ ಮಾತು ಬಳಕೆಗೆ ತಂದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ 1950ರ ದಶಕದಲ್ಲಿ ಅಧ್ಯಯನ ಮಾಡಿದ್ದು ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು. ಈಗ ನಮ್ಮ ಮಕ್ಕಳ ಸರದಿ.

ಎರಡನೆಯ ಕಾರಣ, ಊಟದ ಮೇಜಿನಲ್ಲಿ ಸಿಗುವ ತಂದೆತಾಯಂದಿರು. ಮಗಳ ಓದು ಸದ್ಯ ಮನೆಯಲ್ಲೇ. ಹೈಸ್ಕೂಲಿಗೆ ಏನು ಮಾಡುವುದು ಅನ್ನುವುದು ನಮ್ಮಿಬ್ಬರ ನಡುವೆ ಮುಗಿಯದ ಚರ್ಚೆ. ನೈರೋಬಿಯಿಂದ ಸುಮಾರು 60 ಕಿಲೋಮೀಟರ್ ದೂರದ ಕಿಜಾಬೆಯಲ್ಲಿ ರಿಫ್ಟ್ ವ್ಯಾಲಿ ಅಕಾಡೆಮಿ ಇದೆ, ಮಿಷನರಿ ಮಕ್ಕಳಿಗಾಗಿಯೇ 1906ರಲ್ಲಿ ಶುರುವಾದ ವಸತಿ ಶಾಲೆ. ಅದರ ಹಳೆಯ ಕಟ್ಟಡಕ್ಕೆ 1909ರಲ್ಲಿ ಅಡಿಗಲ್ಲು ಇಟ್ಟವರು ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್. ಮೂರು ತಿಂಗಳು ಶಾಲೆ, ಒಂದು ತಿಂಗಳು ರಜೆ, ಹೀಗೆ ವರ್ಷಕ್ಕೆ ಮೂರು ಸುತ್ತು. ಟರ್ಮ್ ಶುರುವಾಗುವ ಮುಂಚೆ ಗೆಸ್ಟ್ ಹೌಸಿನ ವರಾಂಡ ತುಂಬ ಟ್ರಂಕುಗಳು, ಸಾಕ್ಸಿಗೆ ಹೆಸರು ಹೊಲಿಯುವ ಅಮ್ಮಂದಿರು. ಆಗ ಕೇಳಿ, ನಿಜ ಹೇಳುತ್ತಾರೆ. ಬ್ರೋಷರಿನಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಾರೆ. ಮಗು ಎಷ್ಟು ದಿನ ಅತ್ತಿತು, ಮೊದಲ ರಜೆಗೆ ಬಂದಾಗ ಹೇಗೆ ಅಪರಿಚಿತನ ಥರ ಮನೆಯಲ್ಲಿ ತಿರುಗಿತು, ಎರಡನೆಯ ವರ್ಷ ಹೇಗೆ ವಾಪಸ್ ಹೋಗಲು ಅವಸರ ಮಾಡಿತು.

ನಮ್ಮ ಕಡೆ ಇದ್ದ ಬಾಸೆಲ್ ಮಿಷನರಿಗಳಿಗೆ ಈ ಆಯ್ಕೆಯೂ ಇರಲಿಲ್ಲ. ಶಾಲೆಯ ವಯಸ್ಸಾದ ಮಕ್ಕಳನ್ನು ಯುರೋಪಿಗೆ ಕಳಿಸಬೇಕಿತ್ತು, ಅವರಿಗಾಗಿ ಬಾಸೆಲ್‌ನಲ್ಲಿ ಮಕ್ಕಳ ಮನೆಗಳೇ ಇದ್ದವು. ಮಲಯಾಳಂ ನಿಘಂಟು ಬರೆದ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು, ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದರು, ಮತ್ತೆ ಭಾರತಕ್ಕೆ ಬಂದಾಗ ಹದಿಹರೆಯದ ಹುಡುಗಿ. ನಾವು ಅವರ ನಿಘಂಟು, ವ್ಯಾಕರಣಗಳನ್ನು ಹೊಗಳುತ್ತೇವೆ. ಆ ಪುಸ್ತಕಗಳು ತಯಾರಾಗುತ್ತಿದ್ದಾಗ ಮಕ್ಕಳು ಎಲ್ಲಿದ್ದರು ಅಂತ ಕೇಳುವುದು ಕಡಿಮೆ.

ಇನ್ನೊಂದು ಕಷ್ಟದ ಮಾತು. ವೆಸ್ಟ್ ಆಫ್ರಿಕಾದ ಗಿನಿಯಲ್ಲಿ, ಮಾಮೂ ಅನ್ನುವ ಊರಿನ ಮಿಷನರಿ ಮಕ್ಕಳ ವಸತಿ ಶಾಲೆ 1971ರಲ್ಲಿ ಮುಚ್ಚಿತು. ಅಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿಚಾರಣಾ ವರದಿ ಹೊರಬಂದದ್ದು 1998ರಲ್ಲಿ, ಅದೂ ದೊಡ್ಡವರಾದ ಆ ಮಕ್ಕಳೇ ಪಟ್ಟು ಹಿಡಿದ ಮೇಲೆ. ಹಾಗಾಗಿ ಎಲ್ಲೇ ಹೋದರೂ ನಾನು ಮೊದಲು ನೋಡುವುದು ಮಕ್ಕಳ ಸುರಕ್ಷತೆಯ ನಿಯಮ ಇದೆಯಾ, ಗೋಡೆಗೆ ಹಾಕಿದ್ದಾರಾ, ಪಾಲಿಸುತ್ತಾರಾ ಅಂತ. ಇಲ್ಲಿ ಪಾಲಿಸುತ್ತಾರೆ. ಆಟದ ಕೋಣೆಗೆ ದೊಡ್ಡ ಗಾಜಿನ ಬಾಗಿಲು, ಹೊರಗಿನಿಂದ ಎಲ್ಲ ಕಾಣುತ್ತದೆ. ದೊಡ್ಡವರು ಬೇರೆಯವರ ಮಗುವಿನ ಜೊತೆ ಒಬ್ಬರೇ ಇರುವ ಹಾಗಿಲ್ಲ. ಒಮ್ಮೆ ಒಬ್ಬ ಹಿರಿಯ ಪಾದ್ರಿಗೇ ಆ ರಿಸೆಪ್ಷನ್ ಅಮ್ಮ ಹೊರಗೆ ಬನ್ನಿ ಅಂದದ್ದನ್ನು ನೋಡಿದ್ದೇನೆ. ಪಾದ್ರಿಯ ಮುಖ ಕೆಂಪಾಯಿತು, ಅಮ್ಮ ಕದಲಲಿಲ್ಲ. ನಾನು ಕೊಡುವ ಅಂಕದಲ್ಲಿ ಅರ್ಧ ಇದೊಂದಕ್ಕೇ.

ವೈಫೈ ಊಟದ ಹಾಲಿನಲ್ಲಿ ಮಾತ್ರ ಸರಿ ಬರುತ್ತದೆ. ಊರಿನ ಸಮಯ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ, ಆರೂವರೆಯ ಊಟದ ಹೊತ್ತಿಗೆ ಅಜ್ಜಿಗೆ ಒಂಬತ್ತು. ಹಾಗಾಗಿ ಪ್ರಾರ್ಥನೆ ಮುಗಿದ ಕೂಡಲೇ "ಏನ್ ಊಟಾ ಮಾಡೀರಿ" ಅಂತ ಅಜ್ಜಿಯ ದನಿ ಇಡೀ ಹಾಲಿಗೆ ಕೇಳುತ್ತದೆ. ಯಾರೂ ಬೇಜಾರು ಮಾಡಿಕೊಂಡಿಲ್ಲ ಇವತ್ತಿನವರೆಗೆ.

ನೋಟಿಸ್ ಬೋರ್ಡಿನಲ್ಲಿ ರಜೆಗೆ ಅಮೆರಿಕ, ಇಂಗ್ಲೆಂಡಿಗೆ ಹೋಗುವವರಿಗೆ ಎಲ್ಲ ಮಾಹಿತಿ ಇದೆ, ಭಾರತಕ್ಕೆ ಹೋಗುವವರಿಗೆ ಒಂದು ಸಾಲಿಲ್ಲ. ನಾನೇ ಚೀಟಿ ಬರೆದು ಅಂಟಿಸಿದ್ದೇನೆ: ಕೀನ್ಯಾದಿಂದ ಭಾರತಕ್ಕೆ ಹೋಗುವಾಗ ಹಳದಿ ಜ್ವರದ ಲಸಿಕೆಯ ಕಾರ್ಡ್ ಬೇಕು, ಮಕ್ಕಳಿಗೂ ಬೇಕು, ಲಸಿಕೆ ಹಾಕಿಸಿ 10 ದಿನ ಆಗಿರಬೇಕು, ಇಲ್ಲವಾದರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಚೀಟಿ ಇನ್ನೂ ಇದೆ, ಕೆಳಗೆ ಯಾರೋ ತಮಿಳಿನಲ್ಲಿ ನಂದ್ರಿ ಅಂತ ಬರೆದಿದ್ದಾರೆ.

ಮಕ್ಕಳ ಲೆಕ್ಕದಲ್ಲಿ 5ಕ್ಕೆ ನಾಲ್ಕೂವರೆ, ನನ್ನ ಹೊಟ್ಟೆಯ ಲೆಕ್ಕದಲ್ಲಿ ಎರಡೂವರೆ. ಹೋಗುವವರು ಹಿಂದಿನ ಬ್ಲಾಕಿನ ರೂಮು ಕೇಳಿ, ಅಲ್ಲಿ ಗ್ಯಾಸ್ ಒಲೆ ಇದೆ, ಅವರಾಗಿ ಹೇಳುವುದಿಲ್ಲ. ಪಾರ್ಕ್‌ಲ್ಯಾಂಡ್ಸಿನ ಡೈಮಂಡ್ ಪ್ಲಾಜಾದಲ್ಲಿ ಬೇಳೆ, ಮಸಾಲೆ, ಕರಿಬೇವು ಎಲ್ಲ ಸಿಗುತ್ತದೆ. ಕುಕ್ಕರ್ ಮಾತ್ರ ನೀವೇ ತನ್ನಿ, 15 ಕಿಲೋದಲ್ಲಿ ಜಾಗ ಮಾಡಿಕೊಳ್ಳಿ. ಜನವರಿ, ಮೇ, ಸೆಪ್ಟೆಂಬರ್ ಶುರುವಿನಲ್ಲಿ ಶಾಲೆಗೆ ಬಿಡಲು ಬಂದವರಿಂದ ಪೂರ್ತಿ ಭರ್ತಿ, ಎರಡು ತಿಂಗಳು ಮುಂಚೆ ಮೇಲ್ ಮಾಡಿ. ಮಿಷನರಿ ದರದ ಪತ್ರದ ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಅವರು ಕಳೆದುಹಾಕುತ್ತಾರೆ.