ಡಬ್ಬಿ ಪುಡಿ, ರಾಗಿ ಸರಿ, ಐರನ್ ಡ್ರಾಪ್ಸ್: ಮೂರನ್ನೂ ಕೊಟ್ಟು ನೋಡಿದ್ದು

ಮಗಳಿಗೆ ಎರಡು ತುಂಬಿದಾಗ ಹಿಮೋಗ್ಲೋಬಿನ್ 9.6 ಬಂತು. ಕನಿಷ್ಠ 11 ಇರಬೇಕಿತ್ತು. ಕಬ್ಬಿಣದ ಅಂಶ ಸಾಲದೆ ರಕ್ತ ಕಡಿಮೆ ಆಗಿತ್ತು.

ನಿಜ ಹೇಳಬೇಕಂದ್ರೆ ಅದಕ್ಕೆ ಮುಂಚೆ ನಾನು ನಂಬಿಕೊಂಡಿದ್ದು ಚಾಕೊಲೇಟ್ ರುಚಿಯ ಡಬ್ಬಿ ಪುಡಿಯನ್ನ. ಮೇಲೆ ವಿಟಮಿನ್ನುಗಳ ದೊಡ್ಡ ಪಟ್ಟಿ, ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ. ಅದರ ಆಸೆಗೆ ದಿನಕ್ಕೆ ನಾಲ್ಕು ಲೋಟ ಹಾಲು ಕುಡಿದು ಊಟಾನೇ ಬಿಟ್ಟಳು. ಹಾಲಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಜೊತೆಗೆ ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣಕ್ಕೂ ಅಡ್ಡ ಬರುತ್ತೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪುಡಿಗಳನ್ನ 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿದ್ದು ಸುಮ್ನೆ ಅಲ್ಲ.

ರಾಗಿ ಸರಿ ನಮ್ಮತ್ತೆಯ ಇಲಾಖೆ. ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿಸಿಕೊಂಡು ಬರೋದು. ಕೆಲಸ ಜಾಸ್ತಿ, ಆದರೆ ಮಗು ಬಟ್ಟಲು ನೆಕ್ಕುತ್ತಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಕಡಿಮೆ ಮಾಡಿದ ನನಗೆ ಅದೇ ಧೈರ್ಯ. ಕಬ್ಬಿಣ ಮಾತ್ರ ನಾಲ್ಕೈದು ಮಿಲಿಗ್ರಾಂ ಅಷ್ಟೇ. ಮಗು ತಿನ್ನೋದು 30 ಗ್ರಾಂ ಹಿಟ್ಟು, ಅದರಲ್ಲೂ ಫೈಟೇಟ್ ಅನ್ನೋ ಅಂಶ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಕಟ್ಟಿದರೆ ಅದು ಸ್ವಲ್ಪ ಕಡಿಮೆ ಆಗುತ್ತೆ, ಅಷ್ಟೇ. 'ರಾಗಿ ತಿಂದ್ರೆ ರಕ್ತ ತಾನಾಗೇ ಬರುತ್ತೆ' ಅಂತ ಅತ್ತೆ, ನಾನು ಬಾಯಿ ಮುಚ್ಚಿಕೊಂಡು ಡಾಕ್ಟರ್ ಬರೆದ ಡ್ರಾಪ್ಸ್ ತಂದೆ.

ಡ್ರಾಪ್ಸ್ ಅಂದ್ರೆ ದಿನಾ ಯುದ್ಧ. ತುಕ್ಕಿನ ರುಚಿ, ಉಗುಳಿದರೆ ಬಟ್ಟೆಗೆ ಕಲೆ, ಹಲ್ಲಿಗೂ ಕಪ್ಪು. ಮೊದಲ ವಾರ ಕಕ್ಕ ಕಪ್ಪಗಾದಾಗ ಹೆದರಿ ಫೋನ್ ಮಾಡಿದೆ, ಕಬ್ಬಿಣ ಕೊಟ್ಟಾಗ ಹಾಗೇ ಆಗುತ್ತೆ ಅಂದರು. ಹಾಲಿನ ಜೊತೆ ಕೊಡೋದು ಬಿಟ್ಟು, ಮೋಸಂಬಿ ರಸದ ಜೊತೆ ಕೆನ್ನೆಯ ಒಳಬದಿಗೆ ಹಾಕಿದ ಮೇಲೆ ಸಲೀಸಾಯಿತು. ಆಶಾ ಕಾರ್ಯಕರ್ತೆ ಅಕ್ಕ ಕೊಡೋ ಸಿರಪ್ಪೂ ಕಬ್ಬಿಣದ್ದೇ, ಆದರೆ ವಾರಕ್ಕೆ ಎರಡು ಸಲ 1 ಮಿಲೀ, ಅಂದರೆ 20 ಮಿಲಿಗ್ರಾಂ, ರಕ್ತ ಕಡಿಮೆ ಆಗದಿರಲಿ ಅಂತ. ಆಗಲೇ ಕಡಿಮೆ ಇದ್ದರೆ ಡೋಸ್ ಬೇರೆ, ಡಾಕ್ಟರೇ ಹೇಳಬೇಕು. ಬಾಟಲಿ ಮಗುವಿನ ಕೈಗೆ ಸಿಗಬಾರದು, ಒಂದೇ ಸಲ ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ.

ಮೂರು ತಿಂಗಳಿಗೆ 11.3 ಬಂತು. ಕೆಲಸ ಮಾಡಿದ್ದು ಡ್ರಾಪ್ಸ್, ಮತ್ತೆ ಹಾಲು ಎರಡು ಲೋಟಕ್ಕೆ ಇಳಿದು ಊಟ ಸೇರಿದ್ದು. ಅತ್ತೆ ಮಾತ್ರ ಇವತ್ತಿಗೂ ರಾಗಿಯದ್ದೇ ಅಂತಾರೆ.