ತಿರುಗುವ ಶೆಲ್‌ನ ಕಂಪನಕ್ಕೆ ಯಾವ ಲೆಕ್ಕ? ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ

ಶೆಲ್ ಅಂದರೆ ತೆಳು ಗೋಡೆಯ ವಸ್ತು, ಇಲ್ಲಿ ಒಂದು ಕೊಳವೆ. ಒಂದೇ ಕೊಳವೆ, ಮೂರು ವಿಧಾನ. ಕೊಳವೆ ಉಕ್ಕಿನದು. ತ್ರಿಜ್ಯ 100 ಮಿ.ಮೀ., ದಪ್ಪ 2 ಮಿ.ಮೀ., ಸಾಕಷ್ಟು ಉದ್ದ, ಎರಡೂ ತುದಿ ಮುಕ್ತ.

ಡೊನೆಲ್ ಸಿದ್ಧಾಂತ, ಅಂದರೆ ತೆಳು ಶೆಲ್‌ಗಳ ಸರಳ ಮಾಡಿದ ಸಮೀಕರಣಗಳು, ಕೈಲೆಕ್ಕಕ್ಕೆ ಸುಲಭ. ಆದರೆ ಬಾಯಿ ಮೊಟ್ಟೆಯಾಕಾರಕ್ಕೆ ಬರುವ ಮೋಡ್ (ಕಂಪಿಸುವ ಒಂದು ರೀತಿ), ಅಂದರೆ ಸುತ್ತ 2 ಅಲೆ ಇರುವುದು, ನಿಜಕ್ಕೂ ಸುಮಾರು 130 ಹರ್ಟ್ಸ್. ಡೊನೆಲ್ ಕೊಡುವುದು ಸುಮಾರು 174. ಸುತ್ತ 4 ಅಲೆ ಇದ್ದರೆ ತಪ್ಪು ಶೇ. 7ಕ್ಕೆ ಇಳಿಯುತ್ತದೆ. ಉದ್ದ ಕೊಳವೆಯ ಕೆಳಗಿನ ಮೋಡ್‌ಗಳಿಗೆ ನಾನಂತೂ ಇದನ್ನು ಬಳಸಲ್ಲ.

ಪೂರ್ತಿ ಶೆಲ್ ಮೆಶ್, ಅಂದರೆ ಇಡೀ ಗೋಡೆಯನ್ನು ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು, ಎಲ್ಲರ ಮೊದಲ ಆಯ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಂತ ಕೊಳವೆಯಲ್ಲಿ ಈ ಮೋಡ್ ಜೋಡಿಯಾಗಿ ಬರುತ್ತದೆ, ಎರಡಕ್ಕೂ ಒಂದೇ ಫ್ರೀಕ್ವೆನ್ಸಿ. ತಿರುಗಿಸಿದಾಗ ಕೊರಿಯೊಲಿಸ್ ಬಲದಿಂದ (ತಿರುಗುವ ವಸ್ತುವಿನಲ್ಲಿ ಚಲನೆಯನ್ನು ಪಕ್ಕಕ್ಕೆ ತಳ್ಳುವ ಬಲ) ಜೋಡಿ ಒಡೆಯುತ್ತದೆ, ಅಂದರೆ ಎರಡರ ಫ್ರೀಕ್ವೆನ್ಸಿ ಬೇರೆಬೇರೆ ಆಗುತ್ತದೆ. ಒಂದು ಅಲೆ ತಿರುಗುವ ದಿಕ್ಕಿಗೆ ಓಡುತ್ತದೆ, ಇನ್ನೊಂದು ಎದುರಿಗೆ. ಬ್ರಿಟಿಷ್ ಗಣಿತಜ್ಞ ಬ್ರಯಾನ್ 1890ರಲ್ಲೇ ಇದನ್ನು ತೋರಿಸಿದ್ದರು. 60 ಆರ್‌ಪಿಎಂನಲ್ಲಿ, ಕೊಳವೆಯ ಮೇಲೇ ಅಂಟಿಸಿದ ಸೆನ್ಸರ್‌ಗೆ ಕಾಣುವ ಅಂತರ ಬರೀ 1.6 ಹರ್ಟ್ಸ್. ಅಡ್ಡಾದಿಡ್ಡಿ ಮೆಶ್ ಹಾಕಿದರೆ ಕೊಳವೆ ನಿಂತಿದ್ದಾಗಲೇ ಜೋಡಿ ಒಡೆದಿರುತ್ತದೆ! ಆ ಸುಳ್ಳು ಅಂತರ ದೊಡ್ಡದಾದರೆ, ನಿಧಾನ ವೇಗದಲ್ಲಿ ಅಲೆ ಓಡುವುದೇ ಇಲ್ಲ, ನಿಂತಲ್ಲೇ ಕುಣಿಯುತ್ತದೆ. ಸುತ್ತಲೂ ಸಮ ಅಳತೆಯ ಎಲಿಮೆಂಟ್ ಇಟ್ಟರೆ ಈ ಕಾಟ ಇಲ್ಲ.

ಸಾಫ್ಟ್‌ವೇರ್‌ನ ಸೆಟ್ಟಿಂಗ್ ಕಡೆಗೂ ಕಣ್ಣಿರಲಿ. ತಿರುಗುವಾಗ ಗೋಡೆಯಲ್ಲಿ ಹುಟ್ಟುವ ಎಳೆತ ಕೊಳವೆಯನ್ನು ಬಿಗಿ ಮಾಡುತ್ತದೆ. ಅದನ್ನು ಬಿಟ್ಟು ಸ್ಪಿನ್ ಸಾಫ್ಟನಿಂಗ್ (ತಿರುಗುವಿಕೆಯಿಂದ ಬಿಗಿ ಕಡಿಮೆಯಾಗುವ ಲೆಕ್ಕ) ಒಂದನ್ನೇ ಆನ್ ಮಾಡಿದರೆ ಫ್ರೀಕ್ವೆನ್ಸಿ ಸುಮ್ನೆ ಕುಸಿಯುತ್ತದೆ. ಗ್ರಾಫ್ ಮಾತ್ರ ನಯವಾಗಿ, ನಂಬುವ ಹಾಗೇ ಇರುತ್ತದೆ. ಅದೇ ಅಪಾಯ ಅಲ್ವಾ?

ನನಗೆ ಮೆಚ್ಚುಗೆಯಾದದ್ದು ಮೂರನೆಯದು, ಆಕ್ಸಿಸಿಮೆಟ್ರಿಕ್ ಹಾರ್ಮೋನಿಕ್ ಎಲಿಮೆಂಟ್, ಅಂದರೆ ಅಕ್ಷದ ಸುತ್ತ ಆಕಾರ ಒಂದೇ ಎಂದು ಹಿಡಿದು ಸುತ್ತಲಿನ ಅಲೆಯನ್ನು ಸೂತ್ರದಿಂದಲೇ ಕೊಡುವ ಎಲಿಮೆಂಟ್. ಗೋಡೆಯ ಒಂದು ಸೀಳನ್ನಷ್ಟೇ ಬಿಡಿಸಿ, ಸುತ್ತ ಎಷ್ಟು ಅಲೆ ಅಂತ ಸಂಖ್ಯೆ ಕೊಟ್ಟರೆ ಆಯ್ತು. ವೇಗ ಸೊನ್ನೆ ಇದ್ದಾಗ ಜೋಡಿ ಒಡೆಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಆಮೇಲೆ ಕಾಣುವ ಅಂತರವೆಲ್ಲ ತಿರುಗುವಿಕೆಯದ್ದೇ. ಲೆಕ್ಕವೂ ಬೇಗ ಮುಗಿಯುತ್ತದೆ.

ತೂತು ಅಥವಾ ಉದ್ದುದ್ದ ವೆಲ್ಡ್ ಇದ್ದರೆ ಮಾತ್ರ ಇದು ಕೈಕೊಡುತ್ತದೆ. ಆಗ ಪೂರ್ತಿ ಮೆಶ್ಶೇ ಗತಿ, ಯಾಕಂದರೆ ತೂತು ನಿಜವಾಗಿಯೂ ಜೋಡಿಯನ್ನು ಒಡೆಯುತ್ತದೆ. ತೂತು ಕೊರೆಯುವ ಮೊದಲು ಅದೇ ಮೆಶ್ ಅನ್ನು ಸೊನ್ನೆ ವೇಗದಲ್ಲಿ ಒಮ್ಮೆ ಓಡಿಸಿ, ಎರಡೂ ಫ್ರೀಕ್ವೆನ್ಸಿ ಒಂದೇ ಬರುತ್ತಾ ನೋಡಿ.