ನಾಸ್ಕಾರ್‌ನ ಡಿಕ್ಕಿ ಮತ್ತು ದಂಡನೆ: ಯಾವ ಪಕ್ಷ ಸರಿ?
ಅಮೆರಿಕದ ಕಾರ್ ರೇಸ್ ಸಂಸ್ಥೆಯಾದ ನಾಸ್ಕಾರ್‌ನ ಅಭಿಮಾನಿಗಳಲ್ಲಿ ಎರಡು ಪಕ್ಷಗಳಿವೆ. ಕಿರಿದಾದ ಟ್ರ್ಯಾಕ್‌ನಲ್ಲಿ ಮುಂದಿನ ಕಾರಿನ ಬಂಪರ್‌ಗೆ ತಾಗಿಸಿ ದಾರಿ ಮಾಡಿಕೊಳ್ಳುವುದು ಆಟದ ಭಾಗವೇ ಎನ್ನುವವರು ಒಂದು ಕಡೆ. ಎದುರಾಳಿಯನ್ನು ಗೋಡೆಗೆ ನೂಕಿದವನಿಗೆ ಗೆಲುವಿನ ಫಲ ಸಲ್ಲಬಾರದು ಎನ್ನುವವರು ಇನ್ನೊಂದು ಕಡೆ. 2024ರ ಆಗಸ್ಟ್‌ನಲ್ಲಿ ರಿಚ್‌ಮಂಡ್ ರೇಸ್‌ನ ಕೊನೆಯ ಸುತ್ತಿನಲ್ಲಿ ಚಾಲಕ ಆಸ್ಟಿನ್ ಡಿಲನ್ ಮೊದಲು ಜೋಯಿ ಲೊಗಾನೊ ಅವರನ್ನು, ಮರುಕ್ಷಣವೇ ಡೆನ್ನಿ ಹ್ಯಾಮ್ಲಿನ್ ಅವರನ್ನು ಡಿಕ್ಕಿಯಿಂದ ಕೆಡವಿ ಗೆದ್ದಾಗ, ಗೆಲುವನ್ನು ಉಳಿಸಿದ ನಾಸ್ಕಾರ್ ಅದರಿಂದ ದೊರೆತ ಪ್ಲೇಆಫ್ (ಋತುವಿನ ಕೊನೆಯ ಪ್ರಶಸ್ತಿ ಹಂತ) ಅರ್ಹತೆಯನ್ನು ರದ್ದುಗೊಳಿಸಿ 25 ಅಂಕಗಳನ್ನು ಕಡಿತಗೊಳಿಸಿತು. ಮೊದಲ ಪಕ್ಷಕ್ಕೆ ಇದು ಅತಿಯೆನಿಸಿತು; ಎರಡನೆಯದಕ್ಕೆ ಟ್ರೋಫಿ ಉಳಿದದ್ದೇ ಅನ್ಯಾಯವೆನಿಸಿತು.

ನಿಜವಾದ ಗೆರೆ ಬೇರೆಡೆ ಇದೆ. ಬಂಪರ್‌ನ ನಡುವಿಗೆ ತಾಗಿದರೆ ಎದುರಾಳಿ ತನ್ನ ಓಟದ ಜಾಡು ತಪ್ಪುತ್ತಾನೆ, ಅಷ್ಟೆ. ಕಾರಿನ ಹಿಂಭಾಗದ ಬಲ ಮೂಲೆಗೆ (ಬಲ ಹಿಂಬದಿಗೆ) ಹೊಡೆದರೆ ಅದು ನೇರವಾಗಿ ಗೋಡೆಗೆ ಮುಖ ಮಾಡುತ್ತದೆ. ಇಂತಹ ಹೊಡೆತಕ್ಕಾಗಿಯೇ ಚಾಲಕರಾದ ಬಬ್ಬಾ ವಾಲೆಸ್ 2022ರಲ್ಲಿ, ಚೇಸ್ ಎಲಿಯಟ್ 2023ರಲ್ಲಿ ತಲಾ ಒಂದು ರೇಸ್‌ನಿಂದ ಅಮಾನತುಗೊಂಡರು. ಡಿಲನ್ ಅವರಿಗೆ ಅಮಾನತು ಇರಲಿಲ್ಲವಾದ್ದರಿಂದ ಒಂದೇ ಬಗೆಯ ಹೊಡೆತಕ್ಕೆ ಬೇರೆ ಬೇರೆ ದಂಡನೆ ಎಂಬ ದೂರು ಟೊಳ್ಳಲ್ಲ. ಆಯ್ಕೆ ಮಾಡಲೇಬೇಕಾದರೆ, ತಾಗುವಿಕೆಯ ಮಟ್ಟಿಗೆ ಮೊದಲ ಪಕ್ಷವನ್ನೂ ಬಲ ಹಿಂಬದಿಯ ಹೊಡೆತದ ಮಟ್ಟಿಗೆ ಎರಡನೆಯದನ್ನೂ ಹಿಡಿಯುವುದು ಮೇಲು.